ಕೂಸಿನ ಕತ್ತಿನ ಗಂಟು: ಕತ್ತರಿಗೆ ಮೊದಲು ಸ್ಕ್ಯಾನ್

ಕೇಳುಗರಿಗೆ ನಮಸ್ಕಾರ. ಕೂಸಿಗೆ ಸ್ನಾನ ಮಾಡಿಸುವಾಗ ಕತ್ತಿನ ಪಕ್ಕ ಮೆತ್ತನೆಯ ಗಂಟೊಂದು ಕೈಗೆ ಸಿಕ್ಕಿತು ಅನ್ನಿ. ಎದೆ ಧಸಕ್ಕೆನ್ನುತ್ತದೆ. ಡಾಕ್ಟರಿಗೆ ತೋರಿಸಲೇಬೇಕು, ಸರಿ. ಆದರೆ ನನ್ನ ಮಾತು ಒಂದೇ: ಆಪರೇಷನ್ ಮಾತಿಗೆ ಮೊದಲು ಅಲ್ಟ್ರಾಸೌಂಡ್ ಸ್ಕ್ಯಾನ್ ಆಗಲಿ. ಕತ್ತಿಗೂ ಆಗಲಿ, ಎದೆಗೂ ಆಗಲಿ.

ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ. ರೋಗದ ಜೊತೆ ಹೋರಾಡುವ ಟಿ ಕಣ ಎಂಬ ಬಿಳಿ ರಕ್ತಕಣಗಳು ಪಳಗುವುದು ಅಲ್ಲೇ. ಆದರೆ ಅದು ಮೊಳೆಯುವುದು ಕತ್ತಿನಲ್ಲಿ, ಗರ್ಭದ 6ನೇ ವಾರದ ಸುಮಾರಿಗೆ. ಆಮೇಲೆ ಎದೆಗೆ ಇಳಿಯುತ್ತದೆ. ಇಳಿಯುವ ದಾರಿಯಲ್ಲಿ ತುಣುಕೊಂದು ಉಳಿದುಬಿಟ್ಟರೆ ಅದೇ ಗಂಟಾಗಿ ಕಾಣುತ್ತದೆ. ಜಾಗ ತಪ್ಪಿದೆ, ಅಷ್ಟೇ. ಅದು ಕ್ಯಾನ್ಸರ್ ಅಲ್ಲ.

ಒಮ್ಮೆ ನಾಲ್ಕು ತಿಂಗಳ ಗಂಡುಕೂಸನ್ನು ಎತ್ತಿಕೊಂಡು ತಂದೆತಾಯಿ ಬಂದರು. ಎಡ ದವಡೆಯ ಕೆಳಗೆ ಹೆಬ್ಬೆರಳ ತುದಿಯಷ್ಟು ಗಂಟು. ಅತ್ತಾಗ ಇನ್ನಷ್ಟು ಉಬ್ಬುತ್ತಿತ್ತು. ಬೇರೊಂದು ಕಡೆ ತೆಗೆಸಲು ದಿನವನ್ನೂ ಗೊತ್ತುಮಾಡಿದ್ದರು. ಸ್ಕ್ಯಾನ್ ಮಾತ್ರ ಆಗಿರಲಿಲ್ಲ! ತಾಯಿ ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಜೆಲ್ ಹಚ್ಚಿ ಪ್ರೋಬ್, ಅಂದರೆ ಸ್ಕ್ಯಾನ್ ಮಾಡುವ ಕೈಸಾಧನ, ಗಂಟಿನ ಮೇಲೆ ಇಟ್ಟೆ. ಪರದೆಯ ಮೇಲೆ ಕಪ್ಪು ಮೈ, ಅದರ ತುಂಬ ಬೆಳ್ಳನೆಯ ಚುಕ್ಕಿ, ಸಣ್ಣ ಗೆರೆ. ಥೇಟ್ ಚುಕ್ಕಿ ಮೂಡಿದ ಇರುಳಿನ ಆಕಾಶ. ಪಕ್ಕದ ರಕ್ತನಾಳವನ್ನು ಅದು ಒತ್ತಿರಲೂ ಇಲ್ಲ. ಪ್ರೋಬನ್ನು ಮೆಲ್ಲಗೆ ಎದೆಗೆ ಜಾರಿಸಿದೆ. ಅಲ್ಲೂ ಅದೇ ಚುಕ್ಕಿ, ಅದೇ ಗೆರೆ. "ನೋಡಿ ಅಮ್ಮ, ಮೇಲಿರುವುದೂ ಕೆಳಗಿರುವುದೂ ಒಂದೇ" ಎಂದೆ. ಕೂಸಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಆಕೆ ಅತ್ತುಬಿಟ್ಟರು. ಆಪರೇಷನ್ ರದ್ದಾಯಿತು. ಆಮೇಲೂ ಕೆಲವು ಸಲ ಬಂದು ಸ್ಕ್ಯಾನ್ ಮಾಡಿಸಿಕೊಂಡು ಹೋದರು, ಹುಡುಗ ಚೆನ್ನಾಗಿದ್ದಾನೆ.

ಕತ್ತಿನ ಗಂಟಿಗೆ ಎದೆಯನ್ನೇಕೆ ನೋಡಬೇಕು? ಅಪರೂಪಕ್ಕೆ ಎದೆಯಲ್ಲಿ ಥೈಮಸ್ ಇರುವುದೇ ಇಲ್ಲ, ಇರುವುದೆಲ್ಲ ಕತ್ತಿನಲ್ಲೇ. ಅದನ್ನು ತೆಗೆದು ಎಸೆದರೆ ಕೂಸಿನ ರೋಗನಿರೋಧಕ ಶಕ್ತಿಗೇ ಪೆಟ್ಟು. ಇದನ್ನು ನನ್ನ ವೈದ್ಯ ಮಿತ್ರರಿಗೂ ಹೇಳುತ್ತಲೇ ಇರುತ್ತೇನೆ, ಎಷ್ಟು ಸಲ ಹೇಳಲಿ? ಈ ಸ್ಕ್ಯಾನಿಗೆ ಸೂಜಿ ಬೇಡ, ಅರಿವಳಿಕೆ ಬೇಡ, ಎಕ್ಸ್‌ರೇ ಕಿರಣವೂ ಇಲ್ಲ. ಮೊದಲು ಸ್ಕ್ಯಾನ್ ಮಾಡಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಸ್ಕ್ಯಾನಿನಲ್ಲಿ ಸ್ಪಷ್ಟವಾಗದಿದ್ದರೆ ಎಂಆರ್‌ಐ ಇದೆ, ಸೂಜಿಯಿಂದ ಗಂಟಿನ ಚೂರು ತೆಗೆದು ನೋಡುವ ಪರೀಕ್ಷೆ ಇದೆ. ಉಸಿರಾಟಕ್ಕೋ ಹಾಲು ನುಂಗುವುದಕ್ಕೋ ಅಡ್ಡಿಯಾದರೆ ಗಂಟು ತೆಗೆಯಬೇಕಾದೀತು. ಇಲ್ಲದಿದ್ದರೆ ಕಾಯಬಹುದು, ಪ್ರಾಯ ಬಂದ ಮೇಲೆ ಥೈಮಸ್ ತಾನಾಗಿಯೇ ಕುಗ್ಗುತ್ತದೆ. ಯಾರಾದರೂ "ತೆಗೆಸಿಬಿಡಿ" ಎಂದರೆ ಸಂಕೋಚಪಡದೆ ಕೇಳಿ: "ಡಾಕ್ಟ್ರೇ, ಎದೆಯಲ್ಲಿ ಥೈಮಸ್ ಇದೆಯಾ ಅಂತ ಸ್ಕ್ಯಾನ್‌ನಲ್ಲಿ ನೋಡಿದಿರಾ?"

ನಮಸ್ಕಾರ.