14ನೇ ಉಲ್ಲೇಖದ ವಿಳಾಸ

ನಮಸ್ಕಾರ. ವೈದ್ಯರ ಬರಹಗಳನ್ನು ತಿದ್ದುವುದು ನನ್ನ ಕೆಲಸ. ಎಂ.ಡಿ. ವಿದ್ಯಾರ್ಥಿಗಳ ಪ್ರಬಂಧಗಳು, ನಿಯತಕಾಲಿಕೆಗಳಿಗೆ ಹೋಗುವ ಲೇಖನಗಳು, ಸಮ್ಮೇಳನಗಳ ಸಾರಾಂಶಗಳು ನನ್ನ ಮೇಜಿಗೆ ಬರುತ್ತವೆ. ತಂದುಕೊಡುವವರಲ್ಲಿ ಹೆಚ್ಚಿನವರು ಆಡುವ ಮಾತು ಒಂದೇ. "ಮೇಡಂ, ವಿಷಯವೆಲ್ಲ ಸರಿಯಾಗಿದೆ. ಕೊನೆಯ ರೆಫರೆನ್ಸ್ ಪಟ್ಟಿಯನ್ನಷ್ಟು ಫಾರ್ಮ್ಯಾಟ್ ಮಾಡಿಕೊಡಿ, ಸಾಕು."

ಆ "ಸಾಕು" ಎಂಬ ಮಾತಿನ ಮೇಲೆ ನನಗೆ ತಕರಾರಿದೆ. ಇಂದು ಅದನ್ನೇ ಹೇಳಬೇಕೆಂದು ಕುಳಿತಿದ್ದೇನೆ.

ಕೆಲವು ತಿಂಗಳ ಹಿಂದೆ ಒಬ್ಬ ಹುಡುಗಿ ತನ್ನ ಪ್ರಬಂಧ ತಂದಳು. ವಿಷಯ ರಕ್ತಹೀನತೆ. ಪೀಠಿಕೆಯಲ್ಲೇ ಒಂದು ವಾಕ್ಯವಿತ್ತು: ಗ್ರಾಮೀಣ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು. ವಾಕ್ಯದ ತಲೆಯ ಮೇಲೆ ಪುಟ್ಟದಾಗಿ 14 ಎಂಬ ಅಂಕಿ. ಕೊನೆಯ ಪಟ್ಟಿಯಲ್ಲಿ 14ನೇ ಉಲ್ಲೇಖವನ್ನು, ಅಂದರೆ ಆ ಮಾತಿಗೆ ಆಧಾರವಾದ ಮೂಲ ಲೇಖನದ ವಿವರವನ್ನು, ನೋಡಿದೆ. ಲೇಖಕರ ಹೆಸರು, ಶೀರ್ಷಿಕೆ, ನಿಯತಕಾಲಿಕೆಯ ಸಂಕ್ಷಿಪ್ತ ಹೆಸರು, ವರ್ಷ, ಅರ್ಧವಿರಾಮ, ಸಂಪುಟ, ಆವರಣದಲ್ಲಿ ಸಂಚಿಕೆ, ಕೊನೆಗೆ ಪುಟ 241-8. ಚುಕ್ಕಿ ಗೆರೆಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಅಂತರ್ಜಾಲದಲ್ಲಿ ಆ ಸಂಚಿಕೆಯ ಪರಿವಿಡಿ ತೆರೆದು 241ನೇ ಪುಟ ಹುಡುಕಿದರೆ ಅಲ್ಲಿ ರಕ್ತಹೀನತೆಯ ಸುಳಿವೇ ಇಲ್ಲ. ಮೂಳೆ ಮುರಿತದ ಬಗ್ಗೆ ಬೇರೆ ಯಾರೋ ಬರೆದ ಲೇಖನ.

"ಇದನ್ನು ಎಲ್ಲಿಂದ ತೆಗೆದುಕೊಂಡೆ?" ಎಂದು ಕೇಳಿದೆ. ಹುಡುಗಿ ತಲೆ ತಗ್ಗಿಸಿದಳು. "ಸೀನಿಯರ್ ಒಬ್ಬರ ಪ್ರಬಂಧದಿಂದ, ಮೇಡಂ." ಆ ಸೀನಿಯರ್ ಅವರ ಪ್ರಬಂಧವನ್ನೂ ತರಿಸಿ ನೋಡಿದೆ. ಅಲ್ಲಿಯೂ 241-8. ಅವರಿಗಿಂತ ಹಿಂದಿನವರ ಪ್ರಬಂಧದಲ್ಲಿಯೂ ಅದೇ. ಪರಿವಿಡಿಯನ್ನು ಮತ್ತೆ ಪೂರ್ತಿ ನೋಡಿದಾಗ ನಿಜವಾದ ಪುಟ ಸಿಕ್ಕಿತು: 214-8. ಯಾರದೋ ಬೆರಳು ಒಮ್ಮೆ ತಪ್ಪಿ 1 ಮತ್ತು 4 ಅದಲುಬದಲಾಗಿದ್ದವು. ಆಮೇಲೆ ಬಂದವರೆಲ್ಲ ಆ ತಪ್ಪನ್ನು ಜೋಪಾನವಾಗಿ ದಾಟಿಸುತ್ತ ಬಂದಿದ್ದರು.

ಒಂದು ಅಂಕಿ ಹಿಂದುಮುಂದಾದದ್ದು ದೊಡ್ಡ ವಿಷಯವಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಅದೇ ತಪ್ಪು ಮೂರು ಪ್ರಬಂಧಗಳಲ್ಲಿ ಇದೆ ಎಂದರೆ, ಮೂವರಲ್ಲಿ ಕೊನೆಯ ಇಬ್ಬರಾದರೂ ಮೂಲ ಲೇಖನವನ್ನು ಕಣ್ಣಿಂದ ನೋಡಿಲ್ಲ ಎಂದು ಅರ್ಥ. ಇದು ನಮ್ಮ ಊರಿನ ರೋಗ ಮಾತ್ರವಲ್ಲ. 2003ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಸಿಮ್ಕಿನ್ ಮತ್ತು ರಾಯ್‌ಚೌಧರಿ, ಉಲ್ಲೇಖಗಳಲ್ಲಿ ಒಂದೇ ಅಚ್ಚಿನ ತಪ್ಪು ಹೇಗೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿದರು. ಉಲ್ಲೇಖಿಸುವವರಲ್ಲಿ ಮೂಲವನ್ನು ನಿಜಕ್ಕೂ ಓದಿರುವವರು ಸುಮಾರು ಶೇ. 20 ಮಾತ್ರ ಎಂಬ ಅಂದಾಜಿಗೆ ಅವರು ಬಂದರು.

ಉಲ್ಲೇಖದ ಸಾಲು ಎಂದರೆ ಏನು? ಬೆಂಗಳೂರಿನ ಬಡಾವಣೆಗಳಲ್ಲಿ ಮನೆ ಹುಡುಕಿದವರಿಗೆ ಇದನ್ನು ವಿವರಿಸುವುದು ಸುಲಭ. ನಿಯತಕಾಲಿಕೆ ಬಡಾವಣೆಯ ಹೆಸರು. ಸಂಪುಟ ಮೇನ್, ಸಂಚಿಕೆ ಕ್ರಾಸ್, ಪುಟ ಸಂಖ್ಯೆ ಮನೆ ನಂಬರು. 4ನೇ ಮೇನ್ 7ನೇ ಕ್ರಾಸ್ ಎನ್ನುವ ಬದಲು 7ನೇ ಮೇನ್ 4ನೇ ಕ್ರಾಸ್ ಎಂದು ಬರೆದುಕೊಟ್ಟರೆ ಬಂದವರು ಯಾರದೋ ಮನೆಯ ಗಂಟೆ ಒತ್ತಿ ನಿಲ್ಲಬೇಕಾಗುತ್ತದೆ. ಅರ್ಧವಿರಾಮ ಎಲ್ಲಿ, ಆವರಣ ಎಲ್ಲಿ ಎಂಬ ನಿಯಮವಿರುವುದೇ ಯಾವುದು ಮೇನ್, ಯಾವುದು ಕ್ರಾಸ್ ಎಂದು ಯಾವ ದೇಶದವರಿಗೂ ಗೊಂದಲವಾಗಬಾರದು ಎಂಬ ಕಾರಣಕ್ಕೆ.

ಈ ನಿಯಮ ಹುಟ್ಟಿದ ಕಥೆಯೂ ಅಷ್ಟೇ ಸರಳ. ಹಿಂದೆ ಒಂದೊಂದು ವೈದ್ಯಕೀಯ ನಿಯತಕಾಲಿಕೆಗೂ ಅದರದೇ ಪದ್ಧತಿ. ಒಂದು ಕಡೆ ತಿರಸ್ಕೃತವಾದ ಲೇಖನವನ್ನು ಇನ್ನೊಂದಕ್ಕೆ ಕಳಿಸಬೇಕಾದರೆ ಇಡೀ ಪಟ್ಟಿಯನ್ನು ಟೈಪ್‌ರೈಟರಿನಲ್ಲಿ ಮತ್ತೆ ಹೊಡೆಯಬೇಕಿತ್ತು. 1978ರಲ್ಲಿ ಕೆಲವು ಸಂಪಾದಕರು ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿ, ಎಲ್ಲರೂ ಒಪ್ಪುವಂಥ ಒಂದು ಪದ್ಧತಿ ಮಾಡೋಣ ಎಂದು ಕುಳಿತರು. ಮರುವರ್ಷ ಅದು ಪ್ರಕಟವಾಯಿತು. ಉಲ್ಲೇಖದ ರೂಪವನ್ನು ಸಿದ್ಧಪಡಿಸಿದ್ದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ. ನಾವು ಇಂದಿಗೂ ವ್ಯಾಂಕೂವರ್ ಶೈಲಿ ಎನ್ನುವುದು ಇದನ್ನೇ. ಬರಹದಲ್ಲಿ ಮೊದಲು ಬಂದ ಮೂಲಕ್ಕೆ 1, ಮುಂದಿನದಕ್ಕೆ 2. ಅದೇ ಮೂಲ ಮತ್ತೆ ಬಂದರೆ ಅದೇ ಅಂಕಿ. ಆರು ಲೇಖಕರವರೆಗೆ ಎಲ್ಲರ ಹೆಸರು, ಅದಕ್ಕಿಂತ ಹೆಚ್ಚಿದ್ದರೆ ಮೊದಲ ಆರು ಹೆಸರು ಬರೆದು "ಮತ್ತಿತರರು". ಅಮೆರಿಕನ್ ವೈದ್ಯಕೀಯ ಸಂಘದ ಶೈಲಿಯಲ್ಲಿ ಆರಕ್ಕಿಂತ ಹೆಚ್ಚಿದ್ದರೆ ಮೂರೇ ಹೆಸರು. ಇಂಥ ವ್ಯತ್ಯಾಸಗಳನ್ನು ಆಯಾ ನಿಯತಕಾಲಿಕೆಯ ಸೂಚನೆ ನೋಡಿ ಸರಿಪಡಿಸಿಕೊಳ್ಳಬಹುದು, ಅದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ತಲೆಕೆಡಿಸಿಕೊಳ್ಳಬೇಕಾದದ್ದು ಬೇರೆ ಇದೆ. ಅದಕ್ಕೆ ನಾನು ಪ್ರತಿ ವಿದ್ಯಾರ್ಥಿಗೂ ತೋರಿಸುವ ಸಾಲು ಒಂದುಂಟು. ಪೋರ್ಟರ್ ಜೆ, ಜಿಕ್ ಎಚ್; ಮಾದಕ ನೋವುನಿವಾರಕ ಪಡೆದ ರೋಗಿಗಳಲ್ಲಿ ವ್ಯಸನ ಅಪರೂಪ ಎಂಬ ಅರ್ಥದ ಶೀರ್ಷಿಕೆ; ಎನ್ ಇಂಗ್ಲ್ ಜೆ ಮೆಡ್, ಅಂದರೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್; 1980;302(2):123.

ಆ ಕೊನೆಯ ಅಂಕಿಯನ್ನು ಗಮನಿಸಿ. 123. ಅದರ ಮುಂದೆ ಅಡ್ಡಗೆರೆ ಇಲ್ಲ, ಇನ್ನೊಂದು ಅಂಕಿ ಇಲ್ಲ. ಎಂದರೆ ಇದು ಒಂದೇ ಪುಟದ ಬರಹ. ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಸಂಶೋಧನೆ ಒಂದೇ ಪುಟದಲ್ಲಿ ಹೇಗೆ ಮುಗಿಯಿತು ಎಂದು ಯಾರಾದರೂ ಕೇಳಬೇಕಿತ್ತು. ಏಕೆಂದರೆ ಅದು ಸಂಶೋಧನಾ ಲೇಖನವೇ ಅಲ್ಲ. ಸಂಪಾದಕರಿಗೆ ಬರೆದ ಐದು ವಾಕ್ಯಗಳ ಪತ್ರ. ಆಸ್ಪತ್ರೆಗೆ ದಾಖಲಾದ ರೋಗಿಗಳ ಕಡತಗಳನ್ನು ನೋಡಿ, ಒಮ್ಮೆಯಾದರೂ ಅಂಥ ಔಷಧಿ ಪಡೆದಿದ್ದ 11,882 ಮಂದಿಯಲ್ಲಿ ವ್ಯಸನದ ಪ್ರಕರಣಗಳು ನಾಲ್ಕೇ ಎಂದು ಆ ಪತ್ರ ಹೇಳಿತ್ತು. ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

2017ರಲ್ಲಿ ಕೆನಡಾದ ಸಂಶೋಧಕರು ಆ ಪತ್ರವನ್ನು ಯಾರು ಯಾರು ಹೇಗೆ ಉಲ್ಲೇಖಿಸಿದ್ದಾರೆ ಎಂದು ಹುಡುಕಿ, ಅದೇ ನಿಯತಕಾಲಿಕೆಯಲ್ಲಿ ಪ್ರಕಟಿಸಿದರು. ಒಟ್ಟು 608 ಉಲ್ಲೇಖಗಳು. ಅವುಗಳಲ್ಲಿ 439, ಅಂದರೆ ಶೇ. 72ರಷ್ಟು, ಈ ಔಷಧಿಗಳಿಂದ ವ್ಯಸನ ಅಪರೂಪ ಎನ್ನುವುದಕ್ಕೆ ಆ ಪತ್ರವನ್ನೇ ಪುರಾವೆಯಾಗಿ ಕೊಟ್ಟಿದ್ದವು. ಅದರಲ್ಲಿದ್ದವರು ಆಸ್ಪತ್ರೆಯ ಒಳರೋಗಿಗಳು ಎಂಬ ಮಾತನ್ನು 491 ಬರಹಗಳು ಎತ್ತಲೇ ಇಲ್ಲ. 1990ರ ದಶಕದ ನಡುವೆ ಆಕ್ಸಿಕಾಂಟಿನ್ ಎಂಬ ಮಾದಕ ನೋವುನಿವಾರಕ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದ ಮೇಲೆ ಈ ಉಲ್ಲೇಖಗಳು ಇನ್ನಷ್ಟು ಹೆಚ್ಚಿದವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುತ್ತ ಹೋದರು. ನಂಬಿ ಔಷಧಿ ಬರೆದುಕೊಟ್ಟ ವೈದ್ಯರು, ನಂಬಿ ನುಂಗಿದ ರೋಗಿಗಳು, ಆಮೇಲೆ ವ್ಯಸನಕ್ಕೆ ಸಿಕ್ಕಿ ಮನೆಮನೆಗಳಲ್ಲಿ ಬಿದ್ದ ಹೆಣಗಳು. ಆ ದುರಂತಕ್ಕೆ ಒಂದು ಪತ್ರವೇ ಕಾರಣ ಎಂದು ನಾನು ಹೇಳುವುದಿಲ್ಲ. ಔಷಧಿ ಕಂಪನಿಯ ಮಾರಾಟದ ಹುನ್ನಾರಗಳು ಅಮೆರಿಕದ ನ್ಯಾಯಾಲಯಗಳಲ್ಲಿ ಬಯಲಾಗಿವೆ. ಆದರೆ ಸಭ್ಯವಾಗಿ ಕಾಣುವ ಒಂದು ಸಾಲಿನ ಉಲ್ಲೇಖ ಆ ಮಾರಾಟಕ್ಕೆ ಮೆಟ್ಟಿಲಾಯಿತು.

ವ್ಯಾಂಕೂವರ್ ಶೈಲಿಯಲ್ಲಿ ಇದಕ್ಕೊಂದು ಸಣ್ಣ ಕಾವಲು ಇದೆ. ಉಲ್ಲೇಖಿಸುತ್ತಿರುವುದು ಪತ್ರವಾಗಿದ್ದರೆ ಶೀರ್ಷಿಕೆಯ ನಂತರ ಚೌಕ ಆವರಣದಲ್ಲಿ "ಪತ್ರ" ಎಂದು ಸೇರಿಸಬಹುದು. ಸಾರಾಂಶವಾಗಿದ್ದರೆ "ಸಾರಾಂಶ" ಎಂದು. ವಿದ್ಯಾರ್ಥಿಗಳು ಇದನ್ನು ಬೇಕಾದರೆ ಬರೆಯುವ, ಇಲ್ಲದಿದ್ದರೆ ಬಿಡುವ ಅಲಂಕಾರವೆಂದು ತಿಳಿಯುತ್ತಾರೆ. ನನಗೆ ಇಡೀ ಸಾಲಿನಲ್ಲಿ ಅತ್ಯಂತ ಬೆಲೆಬಾಳುವ ಪದ ಅದೇ. ಇಗೋ ನಾನು ತೋರಿಸುತ್ತಿರುವ ಪುರಾವೆ ಇಷ್ಟೇ ತೂಕದ್ದು ಎಂದು ಬರೆಯುವವನು ಕೈಯಾರೆ ಒಪ್ಪಿಕೊಳ್ಳುವ ಜಾಗ ಅದು. ಮತ್ತು ಅದನ್ನು ಬರೆಯಬೇಕಾದರೆ ಮೂಲವನ್ನು ತೆರೆದು ನೋಡಿರಲೇಬೇಕು.

ಹಿಂತೆಗೆದುಕೊಂಡ ಲೇಖನಗಳ ವಿಷಯವೂ ಹೀಗೆಯೇ. ದಡಾರದ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ವೇಕ್‌ಫೀಲ್ಡ್ ಮತ್ತಿತರರ ಲೇಖನ 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ನಿಯತಕಾಲಿಕೆಯಲ್ಲಿ ಬಂತು. 2010ರಲ್ಲಿ ಲ್ಯಾನ್ಸೆಟ್ ಅದನ್ನು ಹಿಂತೆಗೆದುಕೊಂಡಿತು. ಅಂಥ ಲೇಖನವನ್ನು ಹೆಸರಿಸಲೇಬೇಕಾದರೆ ಅದು ಹಿಂತೆಗೆದುಕೊಂಡದ್ದು ಎಂದು, ಆ ಪ್ರಕಟಣೆಯ ವರ್ಷ ಪುಟಗಳ ಸಮೇತ ಅದೇ ಸಾಲಿನಲ್ಲಿ ಹೇಳಲು ನಿಯಮವಿದೆ. ಹಳೆಯ ಪ್ರಬಂಧದಿಂದ ಸಾಲು ಎತ್ತಿಕೊಂಡವನಿಗೆ ಈ ಸುದ್ದಿ ಹೇಗೆ ಮುಟ್ಟಬೇಕು?

ನಮ್ಮ ಹೆಸರುಗಳ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಪೆಟ್ಟು ತಿನ್ನುವವರು ನಾವೇ. ವ್ಯಾಂಕೂವರ್ ಶೈಲಿ ಕುಟುಂಬದ ಹೆಸರು ಮೊದಲು, ಇನಿಷಿಯಲ್ ಆಮೇಲೆ ಎನ್ನುತ್ತದೆ. ನಮ್ಮಲ್ಲಿ ಅನೇಕರಿಗೆ ಕುಟುಂಬದ ಹೆಸರೇ ಇರುವುದಿಲ್ಲ. ಊರಿನ ಹೆಸರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರ, ಆಮೇಲೆ ನಮ್ಮ ಹೆಸರು. ಎಚ್. ಆರ್. ಮಂಜುನಾಥ ಎಂಬ ವೈದ್ಯರಿದ್ದಾರೆ ಎಂದುಕೊಳ್ಳಿ. ಒಂದು ಲೇಖನದಲ್ಲಿ ಅವರು ಮಂಜುನಾಥ ಎಚ್‌ಆರ್ ಆಗುತ್ತಾರೆ. ಇನ್ನೊಂದರಲ್ಲಿ ಅರ್ಜಿ ತುಂಬಿದವರು ಕೊನೆಯ ಹೆಸರಿನ ಜಾಗದಲ್ಲಿ ಎಚ್‌ಆರ್ ಎಂದು ಹಾಕಿದ್ದರಿಂದ ಎಚ್‌ಆರ್ ಎಂ ಆಗುತ್ತಾರೆ. ಒಬ್ಬರೇ ಮನುಷ್ಯ, ದಾಖಲೆಯಲ್ಲಿ ಇಬ್ಬರು. ಹಳ್ಳಿಗಳಲ್ಲಿ ಮನೆಮನೆ ಸುತ್ತಿ ಮಾಡಿದ ಕೆಲಸ ಅವರ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ನಿಮ್ಮ ಮೊದಲ ಲೇಖನದ ದಿನವೇ ಹೆಸರನ್ನು ಹೇಗೆ ಬರೆಯುತ್ತೀರಿ ಎಂದು ತೀರ್ಮಾನಿಸಿ, ಕೊನೆಯವರೆಗೆ ಹಾಗೆಯೇ ಬರೆಯಿರಿ. ಬೇರೆಯವರನ್ನು ಉಲ್ಲೇಖಿಸುವಾಗ ಅವರ ಲೇಖನದ ಮೇಲೆ ಹೆಸರು ಹೇಗಿದೆ ಎಂದು ನೋಡಿ ಬರೆಯಿರಿ.

ಈಗ ಜೊಟೆರೊ ಇದೆ, ಎಂಡ್‌ನೋಟ್ ಇದೆ, ಗುಂಡಿ ಒತ್ತಿದರೆ ಪಟ್ಟಿ ತಯಾರಾಗುತ್ತದೆ, ಇಷ್ಟೆಲ್ಲ ಏಕೆ ಎನ್ನುತ್ತಾರೆ. ನಾನೂ ಅವನ್ನು ಬಳಸುತ್ತೇನೆ. ನಡುವೆ ಒಂದು ಪ್ಯಾರಾ ಸೇರಿಸಿದರೆ ಎಲ್ಲ ಅಂಕಿಗಳನ್ನೂ ಕೈಯಲ್ಲಿ ತಿದ್ದುವ ಶಿಕ್ಷೆ ಯಾರಿಗೂ ಬೇಡ. ಆದರೆ ಆ ತಂತ್ರಾಂಶ ಅಲ್ಪವಿರಾಮ ಇಡುತ್ತದೆ, ನಿಮ್ಮ ಪರವಾಗಿ ಓದುವುದಿಲ್ಲ. 241 ಎಂದು ಕೊಟ್ಟರೆ 241ನ್ನೇ ಅಂದವಾಗಿ ಜೋಡಿಸುತ್ತದೆ.

ಚಾಟ್‌ಜಿಪಿಟಿಯಂಥವು ಬಂದ ಮೇಲೆ ಇದು ಇನ್ನೂ ಬಿಗಡಾಯಿಸಿದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅದರಿಂದ ವೈದ್ಯಕೀಯ ಬರಹಗಳನ್ನು ಬರೆಸಿ, ಅದು ಕೊಟ್ಟ 115 ಉಲ್ಲೇಖಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಶೇ. 47 ಸಂಪೂರ್ಣ ಕಟ್ಟುಕಥೆ. ಶೇ. 46ರಲ್ಲಿ ಲೇಖನ ನಿಜ, ವಿವರ ತಪ್ಪು. ಎರಡೂ ಸರಿಯಿದ್ದದ್ದು ಶೇ. 7 ಮಾತ್ರ. ನಂತರ ಬಂದ ಆವೃತ್ತಿಗಳು ಸುಧಾರಿಸಿರಬಹುದು. ಆದರೂ ನನ್ನ ವೃತ್ತಿಯಲ್ಲಿ ಒಂದು ಹಳೆಯ ಗುರುತು ಅಳಿಸಿಹೋಯಿತು. ಮೊದಲು ಪಟ್ಟಿ ಅಚ್ಚುಕಟ್ಟಾಗಿದ್ದರೆ ಬರೆದವರು ಶ್ರಮಪಟ್ಟಿದ್ದಾರೆ ಎಂದು ಸ್ವಲ್ಪವಾದರೂ ನಂಬಬಹುದಿತ್ತು. ಈಗ ಇಲ್ಲದ ಮನೆಗೂ ಮೇನ್, ಕ್ರಾಸ್, ಮನೆ ನಂಬರು ಎಲ್ಲ ಸಿದ್ಧವಾಗಿ ಬರುತ್ತವೆ.

ಹಾಗಾಗಿ ನಾನು ಈಗ ಪಟ್ಟಿಯನ್ನಷ್ಟೇ ತಿದ್ದಿಕೊಡುವುದಿಲ್ಲ. ಪ್ರತಿ ಉಲ್ಲೇಖದ ಮೂಲವನ್ನು ತೆರೆದಿಟ್ಟುಕೊಂಡು, ನೀವು ಬರೆದ ವಾಕ್ಯಕ್ಕೆ ಆಧಾರವಾದ ಸಾಲು ಅದರಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ ಎನ್ನುತ್ತೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದವರು ನಮ್ಮ ಹಿರಿಯರು. ನಾವು ಕಾಣದೆಯೇ ಪ್ರಮಾಣ ಮಾಡುತ್ತಿದ್ದೇವೆ. ಇದಕ್ಕೆ ಸಮಯ ಹಿಡಿಯುತ್ತದೆ. ಹಗಲು ಒ.ಪಿ.ಡಿ., ರಾತ್ರಿ ಡ್ಯೂಟಿ, ನಡುವೆ ಪ್ರಬಂಧ ಎಂದು ಒದ್ದಾಡುವ ಹುಡುಗ ಹುಡುಗಿಯರ ಕಷ್ಟ ನನಗೆ ಗೊತ್ತಿದೆ. ಅವರಿಗೆ ನನ್ನ ಸಲಹೆ, 150 ಉಲ್ಲೇಖಗಳ ಪಟ್ಟಿ ಬೇಡ. ಓದಿದ 40 ಇರಲಿ. ಪಟ್ಟಿಯ ಉದ್ದ ನೋಡಿ ಮೆಚ್ಚುವ ಗೈಡ್‌ಗಳೂ ಪರೀಕ್ಷಕರೂ ಮೊದಲು ಈ ಅಭ್ಯಾಸ ಬಿಡಬೇಕು. ಮೌಖಿಕ ಪರೀಕ್ಷೆಯಲ್ಲಿ ಯಾವುದಾದರೂ ಎರಡು ಅಂಕಿಗಳನ್ನು ಆರಿಸಿ "ಈ ಲೇಖನದಲ್ಲಿ ಏನಿದೆ ಹೇಳಮ್ಮ" ಎಂದು ಕೇಳಿದರೆ ಒಂದೇ ವರ್ಷದಲ್ಲಿ ಪ್ರಬಂಧಗಳ ಬಣ್ಣ ಬದಲಾಗುತ್ತದೆ ಎಂದು ನಾನು ನಂಬಿದ್ದೇನೆ.

ಆ ಹುಡುಗಿಯ ವಿಷಯ ಅರ್ಧಕ್ಕೇ ಬಿಟ್ಟೆ. 14ನೇ ಉಲ್ಲೇಖದ ಪೂರ್ಣ ಪಾಠ ಅಂತರ್ಜಾಲದಲ್ಲಿ ಸಿಗಲಿಲ್ಲ. ಗ್ರಂಥಾಲಯದ ಹಳೆಯ ಬೈಂಡ್ ಸಂಪುಟದಲ್ಲಿ ಇತ್ತು. ನಾಲ್ಕು ದಿನ ಬಿಟ್ಟು ಆ ಐದು ಪುಟಗಳ ಜೆರಾಕ್ಸ್ ಹಿಡಿದು ಬಂದಳು. ಪೆನ್ಸಿಲಿನಲ್ಲಿ ಒಂದು ಸಾಲಿಗೆ ಗೆರೆ ಎಳೆದಿದ್ದಳು. ಅಧ್ಯಯನ ನಡೆದದ್ದು ಹಳ್ಳಿಗಳಲ್ಲಿ ಅಲ್ಲ. ನಗರದ ಒಂದು ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ, ತೊಂದರೆಯಾಗಿ ದಾಖಲಾದ ಗರ್ಭಿಣಿಯರ ಮೇಲೆ. "ಮೇಡಂ, ನನ್ನ ವಾಕ್ಯವೇ ತಪ್ಪು" ಎಂದಳು. ನಾನು ಪೆನ್ನು ಅವಳ ಕೈಗೆ ಕೊಟ್ಟೆ. "ಗ್ರಾಮೀಣ ಗರ್ಭಿಣಿಯರಲ್ಲಿ" ಎಂಬುದನ್ನು ಹೊಡೆದು ಹಾಕಿ, "ಆಸ್ಪತ್ರೆಗೆ ದಾಖಲಾದ ಗರ್ಭಿಣಿಯರಲ್ಲಿ" ಎಂದು ಅದರ ಮೇಲೆ ಬರೆದಳು. ಪಟ್ಟಿಗೆ ಬಂದು 241ನ್ನು 214 ಮಾಡಿದಳು. ಆಮೇಲೆ 15ನೆಯದನ್ನು ತೆರೆದೆವು.