ಸಾಲಿಗ್ರಾಮದ ಚಕ್ರ ಕೊರೆದದ್ದು ಯಾರು?

ಉಡುಪಿಯಿಂದ ಬ್ರಹ್ಮಾವರ ದಾಟಿ ಕುಂದಾಪುರದ ಕಡೆ ಹೋದರೆ ಸಾಲಿಗ್ರಾಮ ಅಂತ ಊರೇ ಉಂಟು. ಆದರೆ ಆ ಹೆಸರಿನ ಕಲ್ಲು ಇಲ್ಲಿಯದ್ದಲ್ಲ, ನೇಪಾಳದ ಕಾಲಿ ಗಂಡಕಿ ನದಿಯದ್ದು. ದೇವರ ಸಂಪುಟದಿಂದ ಒಂದನ್ನು ತೆಗೆದು ವದನದ, ಅಂದರೆ ಕಲ್ಲಿನ ತೂತಿನ, ಬದಿಯಿಂದ ಇಣುಕಿ ನೋಡಿ. ಒಳಗೆ ಸುರುಳಿ ಕಾಣ್ತದಲ್ಲ, ಅದೇ ಇವತ್ತಿನ ವಿಷಯ.

ಪುರಾಣದಲ್ಲಿ ಕಲ್ಲಾಗಲಿಕ್ಕೆ ಒಂದು ಮಾತು ಸಾಕು. ವಿಶ್ವಾಮಿತ್ರರು ಸಿಟ್ಟಿನಲ್ಲಿ ರಂಭೆಯನ್ನು 10,000 ವರ್ಷ ಕಲ್ಲಾಗಿಸಿದರು. ಗ್ರೀಕರ ಮೆಡೂಸಾಳಿಗೆ ಮಾತೂ ಬೇಡ, ನೋಟ ಸಾಕು. ವಿಡಿಯೋ ಗೇಮುಗಳಲ್ಲಿ ಇವತ್ತಿಗೂ ಓಡ್ತಿರೋದು ಅವಳದ್ದೇ ವಿದ್ಯೆ. ಸಾಲಿಗ್ರಾಮದ ಕಥೆ ಸ್ವಲ್ಪ ಮುಂದೆ ಹೋಗ್ತದೆ. ತುಳಸಿಯ ಶಾಪದಿಂದ ವಿಷ್ಣು ಕಲ್ಲಾದ, ಗಂಡಕಿಯ ವಜ್ರಕೀಟಗಳು ಹಲ್ಲಿನಿಂದ ಕೊರೆದು ಚಕ್ರ ಮಾಡಿದವು ಅಂತ ದೇವೀಭಾಗವತ. ಕೊರೆದದ್ದು ಹುಳು ಅಲ್ಲ. ಆದರೆ ಚಕ್ರಕ್ಕೂ ಒಂದು ಜೀವಕ್ಕೂ ಸಂಬಂಧ ಉಂಟು ಅನ್ನೋದು ಸರಿಯೇ ಮಾರಾಯ್ರೇ.

ಆ ಜೀವ ಅಮೋನೈಟ್. ಮಲ್ಪೆ ಬಂದರಿಗೆ ಬರುವ ಬೊಂಡಾಸದ (ಸ್ಕ್ವಿಡ್) ದೂರದ ಸಂಬಂಧಿ, ಮೈಗೆ ಚಿಪ್ಪು ಬೇರೆ. ಸುಮಾರು 15 ಕೋಟಿ ವರ್ಷದ ಹಿಂದೆ, ಈಗ ಹಿಮಾಲಯ ಇರುವಲ್ಲಿ ಸಮುದ್ರ ಇದ್ದಾಗ, ಸತ್ತು ಆಮ್ಲಜನಕವಿಲ್ಲದ ಕೆಸರಿಗೆ ಬಿತ್ತು. ಮಾಂಸ ಕೊಳೆಯುವಾಗ ಸುತ್ತಲ ನೀರಿನ ಗುಣ ಬದಲಾಗಿ, ಅದರಲ್ಲಿದ್ದ ಸುಣ್ಣ ಚಿಪ್ಪಿನ ಸುತ್ತ ಉಂಡೆಕಟ್ಟಿತು. ಈ ಉಂಡೆ ಬೇಗ ಗಟ್ಟಿಯಾಗಬೇಕು. ತಡವಾದರೆ ಮೇಲಿನ ಕೆಸರಿನ ಭಾರಕ್ಕೆ ಚಿಪ್ಪು ಹಪ್ಪಳ. ಆಮೇಲೆ ಚಿಪ್ಪು ನಿಧಾನ ಕರಗಿ ಆ ಜಾಗಕ್ಕೆ ಕ್ಯಾಲ್ಸೈಟ್ ಅನ್ನೋ ಸುಣ್ಣದ ಖನಿಜ ಬರ್ತದೆ, ಕೆಲವದರಲ್ಲಿ ಕಬ್ಬಿಣ, ಗಂಧಕ ಸೇರಿದ ಪೈರೈಟ್, ಕೆಲವದರಲ್ಲಿ ಬರೀ ಅಚ್ಚು ಉಳೀತದೆ. ಕಡಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಹಾಗಲ್ಲ ಇದು.

ಖರೀದಿ ಮಾಡುವವರು ಸುರುಳಿಯ ಗೆರೆ ನೋಡಿ. ಅಮೋನೈಟ್ ಬೆಳೆದ ಹಾಗೆ ಸುತ್ತು ಅಗಲ ಆಗ್ತಾ ಬರ್ತದೆ, ಅಡ್ಡ ಏಣುಗಳೂ ಅದರ ಜೊತೆ ದಪ್ಪ ಆಗ್ತವೆ. ಮೆಷಿನ್‌ನಲ್ಲಿ ಕೊರೆದದ್ದಾದರೆ ಶುರುವಿಂದ ಕೊನೆವರೆಗೂ ಒಂದೇ ಅಗಲದ ಕಾಲುವೆ. ಕಪ್ಪು ಬಣ್ಣ ನಂಬಬೇಡಿ, ಎಣ್ಣೆ ಹಚ್ಚಿದರೂ ಕಲ್ಲು ಕಪ್ಪಾಗ್ತದೆ.

ಹೊಂಬಣ್ಣದ ಮಿನುಗು ಇದ್ದರೆ ಅದು ಪೈರೈಟ್, ಚಿನ್ನ ಅಲ್ಲ. ನಮ್ಮ ಕರಾವಳಿಗೆ ತೊಂದರೆ ಅದರದ್ದೇ. ಗಾಳಿಯ ತೇವಾಂಶ ಶೇ. 60 ದಾಟಿದರೆ ಪೈರೈಟ್ ಕೆಟ್ಟು ಆಮ್ಲ ಹುಟ್ಟಿಸ್ತದೆ. ಇಲ್ಲಿ ಮಳೆಗಾಲ ಪೂರ್ತಿ ಅದಕ್ಕಿಂತ ಮೇಲೆಯೇ. ಬಿಳಿ, ಹಳದಿ ಹುಡಿ ಉದುರ್ತದೆ, ಗಂಧಕದ ವಾಸನೆ ಬರ್ತದೆ, ಕೊನೆಗೆ ಬಿರುಕು. ತೊಳೆದರೆ ಇನ್ನೂ ಜೋರು. ಹಾಗಂತ ಅಭಿಷೇಕ ಬಿಡಬೇಕಾಗಿಲ್ಲ. ಮುಗಿದ ಮೇಲೆ ಹತ್ತಿಬಟ್ಟೆಯಲ್ಲಿ ವದನದ ಒಳಗಡೆಯೂ ಒರೆಸಿ, ಒಂದರ್ಧ ಗಂಟೆ ಗಾಳಿಗಿಟ್ಟು ಸಂಪುಟ ಮುಚ್ಚಿ. ಒದ್ದೆ ತುಳಸಿ ಒಳಗೆ ಬೇಡ.