ಬೆಳಿಗ್ಗೆ ಹನ್ನೊಂದರ ಫೋನ್

ಕೇಳುಗರಿಗೆ ನಮಸ್ಕಾರ.

ಒಂದು ಫೈಲಿನಿಂದ ಮಾತು ಶುರು ಮಾಡುತ್ತೇನೆ. ಸರ್ಕಾರಿ ವಾಹನವೊಂದು ಹಿಂದಕ್ಕೆ ಬರುವಾಗ ಒಬ್ಬ ಹೆಂಗಸಿನ ಸ್ಕೂಟರಿಗೆ ತಗುಲಿತ್ತು. ಮೊಣಕಾಲಿಗೆ ಪೆಟ್ಟು. ಪರಿಹಾರ ಕೇಳಿ ಅರ್ಜಿ ಬಂತು. ಕ್ಲೈಮ್ ನೋಡುತ್ತಿದ್ದ ನಮ್ಮ ಹುಡುಗ ಟಿಪ್ಪಣಿ ಬರೆದಿದ್ದ: "ಫೋನ್ ಮಾಡಿದೆ, ಎತ್ತಲಿಲ್ಲ." ಎರಡು ದಿನ ಬಿಟ್ಟು ಮತ್ತೆ ಅದೇ. ಹೀಗೆ ಐದು ಸಲ. ಕೊನೆಗೆ, "ಅರ್ಜಿದಾರರು ಸಹಕರಿಸುತ್ತಿಲ್ಲ, ಫೈಲ್ ಮುಚ್ಚಬಹುದು." ಸಹಿಗೆ ಅಂತ ನನ್ನ ಮೇಜಿಗೆ ಬಂತು.

ಟಿಪ್ಪಣಿ ಎಷ್ಟು ಹೊತ್ತಿಗೆ ಬರೆದದ್ದು ಅನ್ನುವುದನ್ನು ಕಂಪ್ಯೂಟರ್ ತಾನೇ ದಾಖಲು ಮಾಡುತ್ತದೆ. ನೋಡಿದೆ. ಐದೂ ಸಲ ಬೆಳಿಗ್ಗೆ 11ರ ಆಸುಪಾಸು. ಅರ್ಜಿಯ ಎರಡನೇ ಪುಟದಲ್ಲಿ ಆಕೆಯ ಕೆಲಸ ಏನು ಅಂತ ಇತ್ತು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ 11 ಅಂದರೆ ಆಕೆಗೆ ನಡುರಾತ್ರಿ! "ಸಂಜೆ 5ಕ್ಕೆ ಒಂದ್ಸಲ ಮಾಡಿ ನೋಡಪ್ಪಾ" ಅಂದೆ. ಎರಡನೇ ರಿಂಗಿಗೆ ಎತ್ತಿದರು.

ನನ್ನ ಕೆಲಸ ಏನು ಅಂತ ಕೇಳುವವರಿಗೆ ಈ ಕಥೆಯನ್ನೇ ಹೇಳುತ್ತೇನೆ. ಕ್ಲೈಮ್ ವಿಚಾರಣೆ ಮಾಡುವವರ ಮೇಲ್ವಿಚಾರಣೆ. ಅದೂ ಸರ್ಕಾರದ ಸ್ವಂತ ವಿಮೆಯಲ್ಲಿ. ಸ್ವಂತ ವಿಮೆ ಅಂದರೆ ಸರ್ಕಾರ ಹೊರಗಿನ ಕಂಪನಿಗೆ ಪ್ರೀಮಿಯಂ ಕಟ್ಟುವುದಿಲ್ಲ. ತನ್ನದೇ ಒಂದು ನಿಧಿ ಇಟ್ಟುಕೊಂಡು, ತನ್ನಿಂದ ಆದ ನಷ್ಟವನ್ನು ತಾನೇ ತುಂಬಿಕೊಡುತ್ತದೆ. ಬಿದ್ದು ಗಾಯ ಮಾಡಿಕೊಂಡ ನೌಕರ, ಸರ್ಕಾರಿ ವಾಹನ ಗುದ್ದಿದ ದಾರಿಹೋಕ, ಕಚೇರಿಯ ಮೆಟ್ಟಿಲಲ್ಲಿ ಜಾರಿದವರು, ಎಲ್ಲ ನಮ್ಮ ಹತ್ತಿರವೇ ಬರುತ್ತಾರೆ.

ಸರ್ಕಾರ ಹೀಗೆ ಕೊಡಲು ಒಪ್ಪಿದ್ದೇ ತೀರಾ ಹಳೆಯ ಮಾತಲ್ಲ. ಅಮೆರಿಕದ ಉದಾಹರಣೆ ನೋಡಿ. 1945ರ ಜುಲೈ 28ರಂದು ದಟ್ಟ ಮಂಜಿನಲ್ಲಿ ಸೇನೆಯ ಬಾಂಬರ್ ವಿಮಾನವೊಂದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಹೋಗಿ ಬಡಿಯಿತು. 14 ಜನ ಸತ್ತರು. ಆಗ ಸರ್ಕಾರದ ತಪ್ಪಿಗೆ ಸರ್ಕಾರದ ಮೇಲೆಯೇ ಪರಿಹಾರದ ದಾವೆ ಹೂಡುವ ದಾರಿ ಸರಿಯಾಗಿ ಇರಲಿಲ್ಲ. ಆ ದಾರಿ ತೆರೆಯುವ, ವರ್ಷಗಟ್ಟಲೆ ಕಾಯುತ್ತಿದ್ದ ಮಸೂದೆ 1946ರಲ್ಲಿ ಫೆಡರಲ್ ಟಾರ್ಟ್ ಕ್ಲೈಮ್ಸ್ ಆ್ಯಕ್ಟ್ ಆಗಿ ಪಾಸಾಯಿತು. 1945ರ ಜನವರಿಯಿಂದ ನಡೆದ ಘಟನೆಗಳಿಗೂ ಅದು ಅನ್ವಯ ಅಂದರು. ಈಗ ಅಲ್ಲಿನ ನಿಯಮದ ಪ್ರಕಾರ ಮೊದಲು ಇಲಾಖೆಗೇ ಅರ್ಜಿ ಕೊಡಬೇಕು. 6 ತಿಂಗಳಲ್ಲಿ ಇಲಾಖೆ ಏನೂ ಹೇಳದಿದ್ದರೆ, ಇಲ್ಲ ಅಂದಂತೆ ಎಂದು ತಿಳಿದು ಕೋರ್ಟಿಗೆ ಹೋಗಬಹುದು. ಸುಮ್ಮನೆ ಕೂತರೂ ಅದು ಒಂದು ಉತ್ತರವೇ. ಈ ಒಂದು ಸಾಲು ನನಗೆ ಬಹಳ ಇಷ್ಟ.

ಈ ಕೆಲಸಕ್ಕೆ ಹೊಸದಾಗಿ ಬಂದವರಲ್ಲಿ ಎರಡು ಬಗೆ. ಒಬ್ಬರು, ಸರ್ಕಾರದ ದುಡ್ಡು, ಯಾರಪ್ಪನ ಗಂಟೇನು ಹೋಗುತ್ತೆ ಅಂತ ಕೇಳಿದ್ದಕ್ಕೆಲ್ಲ ಹೂಂ ಅನ್ನುವವರು. ಇವರನ್ನು ಹಿಡಿಯುವುದು ಸುಲಭ, ಲೆಕ್ಕದಲ್ಲೇ ಕಾಣುತ್ತದೆ. ಇನ್ನೊಬ್ಬರು, ಕೊಡದೇ ಇದ್ದರೆ ಸರ್ಕಾರಕ್ಕೆ ಉಳಿತಾಯ ಅಂತ ನಂಬಿದವರು. ಇವರದು ಲೆಕ್ಕದಲ್ಲಿ ಕಾಣುವುದಿಲ್ಲ. ಎರಡು ವರ್ಷ ಬಿಟ್ಟು ವಕೀಲರ ನೋಟಿಸು ಬಂದಾಗ ಕಾಣುತ್ತದೆ. ಕಟ್ಟುನಿಟ್ಟಿನ ನೌಕರ ಅಂತ ಮೊದಲು ಬೆನ್ನು ತಟ್ಟಿದ್ದು ನಾವೇ ಬೇರೆ!

ಇನ್ನು ನನ್ನ ನಿದ್ದೆ ಕೆಡಿಸುವ ಸಂಖ್ಯೆಗೆ ಬರುತ್ತೇನೆ. ಅದಕ್ಕೆ ರಿಸರ್ವ್ ಅನ್ನುತ್ತೇವೆ. ಫೈಲ್ ತೆರೆದ ಕೂಡಲೇ, ಇದು ಮುಗಿಯುವ ಹೊತ್ತಿಗೆ ಒಟ್ಟು ಎಷ್ಟಾಗಬಹುದು ಅಂತ ಅಂದಾಜು ಮಾಡಿ ಅಷ್ಟನ್ನು ತೆಗೆದಿಡುವುದು. ಎಲ್ಲ ಫೈಲಿನ ರಿಸರ್ವ್ ಕೂಡಿಸಿ, ನಡೆದಿದ್ದರೂ ಇನ್ನೂ ನಮ್ಮ ಕಿವಿಗೆ ಬೀಳದ ಅಪಘಾತಗಳಿಗೆ ಅಂತ ಇನ್ನೊಂದಿಷ್ಟು ಸೇರಿಸಿ, ಆಕ್ಚುಯರಿಗಳು, ಅಂದರೆ ವಿಮೆಯ ಲೆಕ್ಕ ಹಾಕುವ ತಜ್ಞರು, ನಿಧಿಗೆ ಎಷ್ಟು ಬೇಕು ಅಂತ ಹೇಳುತ್ತಾರೆ.

ಆದರೆ ಮನುಷ್ಯನಿಗೆ ಕೆಟ್ಟ ಸುದ್ದಿಯನ್ನು ಒಮ್ಮೆಗೇ ಹೇಳಲು ಇಷ್ಟವಿಲ್ಲ ಅಲ್ವಾ? ಒಂದು ಬೆನ್ನುನೋವಿನ ಫೈಲಿಗೆ ಕ್ಲೈಮ್ ನೋಡುವವನು ಮೊದಲು, ಉದಾಹರಣೆಗೆ, 10 ಅಂತ ರಿಸರ್ವ್ ಇಡುತ್ತಾನೆ. ಸ್ಕ್ಯಾನ್ ಬಂದ ಮೇಲೆ 15. ಫಿಸಿಯೋಥೆರಪಿ ಶುರುವಾದ ಮೇಲೆ 20. ಆಪರೇಷನ್ ಅಂದಾಗ 40. ಆಮೇಲೆ 60. ಮೆಟ್ಟಿಲು ಹತ್ತಿದ ಹಾಗೆ. ಪ್ರತಿ ಮೆಟ್ಟಿಲಿಗೂ ಕಾರಣ ಬರೆದಿರುತ್ತಾನೆ, ಒಂದೊಂದೂ ಸರಿಯಾಗೇ ಇರುತ್ತದೆ. ಆದರೆ ಎರಡನೇ ತಿಂಗಳಲ್ಲೇ ಡಾಕ್ಟರು ಆಪರೇಷನ್ ಬೇಕಾಗಬಹುದು ಅಂತ ಬರೆದ ಕಾಗದ ಅದೇ ಫೈಲಿನಲ್ಲಿ ಇರುತ್ತದೆ.

ಇದರಲ್ಲಿ ಇನ್ನೊಂದು ಎಡವಟ್ಟಿದೆ. ಸ್ವಂತ ವಿಮೆ ಅಂದರೂ, ತೀರಾ ದೊಡ್ಡ ಹೊಡೆತ ತಡೆಯಲು ಒಂದು ಮಿತಿಯ ಮೇಲಕ್ಕೆ ಹೊರಗಿನ ವಿಮೆ ಕೊಳ್ಳುವುದು ಉಂಟು. ಖರ್ಚಿನ ಅಂದಾಜು ಆ ಮಿತಿಯ ಅರ್ಧ ಮುಟ್ಟಿದಾಗಲೇ ಆ ವಿಮಾ ಕಂಪನಿಯವರಿಗೆ ತಿಳಿಸಬೇಕು ಅಂತ ಕರಾರು ಇರುವುದು ಸಾಮಾನ್ಯ. ನಾವು ಮೆಟ್ಟಿಲು ಹತ್ತುತ್ತಾ ಕೂತರೆ ತಿಳಿಸುವುದು ತಡವಾಗುತ್ತದೆ. ಅವರು ಕೈ ಎತ್ತಿದರೆ ಪೂರ್ತಿ ಹೊರೆ ನಿಧಿಯ ಮೇಲೆ.

ಹಾಗಾಗಿ ನಾನು ಹೊಸಬರಿಗೆ ಕೇಳುವುದು ಒಂದೇ. "ಇವತ್ತು ಗೊತ್ತಿರುವುದನ್ನೆಲ್ಲ ಸೇರಿಸಿ ಹೇಳು, ಎಷ್ಟಾಗುತ್ತೆ?" ಹೆಚ್ಚಾಗಿ ಹೇಳಿದರೆ ಬೈಯುವುದಿಲ್ಲ. ಒಂದೇ ಫೈಲಿನ ಅಂಕಿಯನ್ನು ಮೂರನೇ ಸಲ ಏರಿಸಲು ಬಂದರೆ ಮಾತ್ರ, ಕುರ್ಚಿ ಎಳೆದುಕೊಂಡು ಕೂತ್ಕೋ ಅನ್ನುತ್ತೇನೆ. ಮೊದಲ ಪುಟದಿಂದ ಇಬ್ಬರೂ ಓದುತ್ತೇವೆ.

ನನ್ನ ಕಡೆಯ ತಪ್ಪನ್ನೂ ಹೇಳಬೇಕು. ಆ 11 ಗಂಟೆಯ ಫೋನಿನ ಹುಡುಗನ ಕೈಯಲ್ಲಿ ಆಗ ಎಷ್ಟು ಫೈಲ್ ಇದ್ದವು ಅಂತ ಆಮೇಲೆ ಎಣಿಸಿದೆ. ಪಕ್ಕದ ಮೇಜಿನವರಿಗಿಂತ ಹತ್ತಿರಹತ್ತಿರ ಎರಡು ಪಟ್ಟು. ಒಬ್ಬರು ರಜೆ ಹೋದಾಗ ಅವರ ಫೈಲುಗಳನ್ನೆಲ್ಲ ಇವನಿಗೆ ಹೊರಿಸಿದ್ದು ನಾನೇ. ರಜೆ ಹೋದವರು ವಾಪಸ್ ಬಂದರು, ಫೈಲುಗಳು ಮಾತ್ರ ವಾಪಸ್ ಹೋಗಲಿಲ್ಲ. ಅವನಿಗೆ ಬಿಡುವು ಸಿಗುತ್ತಿದ್ದದ್ದೇ ಬೆಳಿಗ್ಗೆ 11ಕ್ಕೆ. ಪಾಪ, ಸಿಕ್ಕ ಹೊತ್ತಿಗೆ ಫೋನ್ ಮಾಡಿದ್ದಾನೆ. ಮರುದಿನವೇ ಕೂತು ಫೈಲುಗಳನ್ನು ಹಂಚಿದೆ.

ಆ ಮೊಣಕಾಲಿನ ಫೈಲ್ ಇನ್ನೂ ತೆರೆದಿದೆ. ಆಕೆಗೆ ಒಂದು ಆಪರೇಷನ್ ಆಯಿತು. ಅದರ ಅಂದಾಜು ಮೊದಲ ಮಾತುಕತೆ ಆದ ವಾರವೇ ರಿಸರ್ವಿಗೆ ಸೇರಿದೆ. ಮುಂದಿನ ತಿಂಗಳು ಡಾಕ್ಟರು ಕೊನೆಯ ಸಲ ನೋಡಿ ಎಷ್ಟು ವಾಸಿಯಾಗಿದೆ ಅಂತ ಬರೆದುಕೊಡುತ್ತಾರೆ. ಆಮೇಲೆ ಮೊತ್ತದ ಮಾತು. ಹುಡುಗನ ಡೈರಿಯಲ್ಲಿ ತಾರೀಖಿನ ಪಕ್ಕದಲ್ಲೇ ಬರೆದಿದೆ: ಸಂಜೆ 5ರ ಮೇಲೆ.

ನಮಸ್ಕಾರ.